ಮಗನಿಂದ ಹುಟ್ಟಿದ ತಂದೆ

ತುಮಕೂರಿನಿಂದ ಕುಣಿಗಲ್ಲಿನ ಕಡೆಗೆ ಹೋಗುವ ಹಾದಿಯಲ್ಲಿ ಗೂಳೂರಿನ ಬಳಿ ಕೊಂಚ ಒಳಕ್ಕೆ ಸರಿದರೆ ಸಿಕ್ಕುವ ಕೈದಾಳವೆಂಬ ಸಣ್ಣ ಊರಿಗೆ ಆ ಹೆಸರು ಹೇಗೆ ಬಂದಿತೆಂದು ಯಾರನ್ನು ಕೇಳಿದರೂ ಒಂದೇ ಕಥೆಯನ್ನು ಹೇಳುವರು. ಹಿಂದೆ ಕ್ರೀಡಾಪುರವೆನಿಸಿದ್ದ ಈ ಊರಿನ ಜಕಣಾಚಾರಿಯೆಂಬ ಶಿಲ್ಪಿಯು ಮಡದಿಯನ್ನು ಬಿಟ್ಟು ದೇಶಾಂತರ ಹೊರಟು, ನಾಡಿನಲ್ಲೆಲ್ಲ ದೇಗುಲಗಳನ್ನು ನಿರ್ಮಿಸುತ್ತ ಕೊನೆಗೆ ಬೇಲೂರಿಗೆ ಬಂದು ಚೆನ್ನಿಗರಾಯನ ವಿಗ್ರಹವನ್ನು ಕಡೆದು ಮುಗಿಸಿದ ಸಮಯದಲ್ಲಿ, ಕಾಣದ ತಂದೆಯನ್ನು ಅರಸುತ್ತ ಬಂದ ತರುಣನೊಬ್ಬನು ಆ ಶಿಲೆಯಲ್ಲಿ ದೋಷವಿದೆಯೆಂದು ನುಡಿದನಂತೆ. ದೋಷವನ್ನು ತೋರಿಸಿಕೊಟ್ಟಲ್ಲಿ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣಾಚಾರಿ ಪಂಥ ಕಟ್ಟಲು, ವಿಗ್ರಹಕ್ಕೆ ಲೇಪಿಸಿದ ಗಂಧವೆಲ್ಲ ಒಣಗಿಯೂ ನಾಭಿಯ ಬಳಿ ಮಾತ್ರ ಹಸಿಯಾಗಿಯೇ ಉಳಿದು, ಅಲ್ಲಿ ಉಳಿಯಿಟ್ಟು ಮೀಟಿದಾಗ ನೀರು ಮರಳುಗಳೊಂದಿಗೆ ಕಪ್ಪೆಯೊಂದು ಹೊರಕ್ಕೆ ನೆಗೆಯಿತಂತೆ. ಕೈಯನ್ನು ಕಡಿದುಕೊಂಡ ಮೇಲೆ ಆ ತರುಣನು ತನ್ನ ಮಗ ಡಂಕಣನೇ ಎಂದು ತಿಳಿದುದೂ, ಹುಟ್ಟೂರಿನಲ್ಲಿ ಚೆನ್ನಕೇಶವನಿಗೆ ಗುಡಿ ಕಟ್ಟೆಂದು ದೈವಾಜ್ಞೆಯಾದುದೂ, ಗುಡಿ ಮುಗಿದೊಡನೆ ಕಳೆದ ಕೈ ಮರಳಿ ಬಂದುದೂ, ಕೈ ಬಂದ ಊರು ಕೈದಾಳವಾದುದೂ ಕಥೆಯ ಉಳಿದ ಭಾಗ.

ಈ ಕಥೆಯ ಚಾತುರ್ಯವನ್ನು ಮೆಚ್ಚದಿರುವುದು ಸಾಧ್ಯವಿಲ್ಲ. ಬೇಲೂರಿನ ಆವರಣದಲ್ಲಿ ಶಾಂತಲಾದೇವಿ ಪ್ರತಿಷ್ಠೆ ಮಾಡಿಸಿದ ಚೆನ್ನಿಗರಾಯನಿಗೆ 'ಕಪ್ಪೆ' ಎಂಬ ವಿಶೇಷಣವೇಕೆ ಅಂಟಿಕೊಂಡಿತು, ಅಲ್ಲಿಂದ ಬಹುದೂರದ ತುಮಕೂರು ಸೀಮೆಯ ಹಳ್ಳಿಯೊಂದರ ಹೆಸರು 'ಕೈ' ಎಂದು ಮೊದಲಾಗುವುದೇಕೆ ಎಂಬ, ಒಂದಕ್ಕೊಂದು ನಂಟಿಲ್ಲದ ಎರಡು ಪ್ರಶ್ನೆಗಳಿಗೆ ಅದು ಒಂದೇ ಏಟಿನಲ್ಲಿ ಉತ್ತರವನ್ನು ಒದಗಿಸುತ್ತದೆ. (ಬಂಡೆಯೊಳಕ್ಕೆ ಕಪ್ಪೆ ಹೊಕ್ಕುದು ಹೇಗೆ, ಬಂಡೆ ಮೊದಲೋ ಕಪ್ಪೆ ಮೊದಲೋ ಎಂದು ಕೇಳುವ ಕುತರ್ಕಿಗಳನ್ನು ಕಥೆಗಾರನು ಹತ್ತಿರ ಸೇರಿಸುವುದಿಲ್ಲ.) ಆದರೆ ಚರಿತ್ರೆಯ ಸಾಕ್ಷ್ಯ ಇಷ್ಟು ಸುಸಂಬದ್ಧವಾಗಿಲ್ಲ. ಬೇಲೂರಿನ ದೇವಾಲಯ ವಿಷ್ಣುವರ್ಧನನ ಆಳ್ವಿಕೆಯಲ್ಲಿ 1117ರಲ್ಲಿ ಪ್ರತಿಷ್ಠಿತವಾಯಿತು. ಅಲ್ಲಿ ಕೆಲಸ ಮಾಡಿದ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರುಗಳನ್ನು ಕಲ್ಲಿನಲ್ಲಿಯೇ ಕೊರೆದಿಟ್ಟು ಹೋಗಿದ್ದಾರೆ. ಜಕಣಾಚಾರಿಯ ಹೆಸರು ಮಾತ್ರ ಅಲ್ಲಿಲ್ಲ. ಕೈದಾಳದ ಗುಡಿಯನ್ನು 1150ರ ಸುಮಾರಿನಲ್ಲಿ ಕಟ್ಟಿಸಿದವನು ಒಂದನೆಯ ನರಸಿಂಹನ ಸಾಮಂತನಾದ ಗೂಳಿಬಾಚಿ. ಕಟ್ಟಿಸಿದವನ ಕೀರ್ತಿಯನ್ನು ಶಾಸನ ಸಾರುತ್ತದೆಯೇ ಹೊರತು, ಕೈಯನ್ನು ಕಳೆದು ಮರಳಿ ಪಡೆದ ಶಿಲ್ಪಿಯ ಸುದ್ದಿಯನ್ನು ಎತ್ತುವುದಿಲ್ಲ. ಜಕಣನೆಂಬುದು ವ್ಯಕ್ತಿಯ ಹೆಸರೇ ಅಲ್ಲ, 'ದಕ್ಷಿಣಾಚಾರ್ಯ' ಎಂಬ ಬಿರುದು ಜನರ ಬಾಯಲ್ಲಿ ಸವೆದು ಆ ರೂಪವನ್ನು ತಾಳಿತೆಂದು ಊಹಿಸಿದ ವಿದ್ವಾಂಸರೂ ಉಂಟು. ಬೇಲೂರಿನಲ್ಲಿ ನಿಜವಾಗಿಯೂ ತಂದೆಮಗ ಇಬ್ಬರೂ ಚಾಣ ಹಿಡಿದು ದುಡಿದಿದ್ದರೆಂಬ ನೆನಪಿನ ತುಣುಕೊಂದು ಈ ಕಥೆಯ ಗರ್ಭದಲ್ಲಿ ಸೇರಿರಬಹುದೆಂದು ನನಗೆ ತೋರುತ್ತದೆ. ಇದು ತೋರಿಕೆಯೇ ಹೊರತು ಪ್ರಮಾಣವಲ್ಲ.

ಹಾಗಾದರೆ ಕೈ ಬಂದುದರಿಂದ ಊರಿಗೆ ಹೆಸರಾಯಿತೋ, ಊರಿನ ಹೆಸರಿದ್ದುದರಿಂದ ಕೈ ಬಂದಿತೋ? ಕಥೆ ತಾನು ಹೆಸರಿನ ತಂದೆಯೆಂದು ಹೇಳಿಕೊಳ್ಳುತ್ತದೆ. ವಿಚಾರಿಸಿ ನೋಡಿದರೆ ಅದರ ಮಗನೆಂಬ ಸಂಶಯ ಬಲವಾಗುತ್ತದೆ. ಈ ಸಂಶಯಕ್ಕೆ ಸುತ್ತಲಿನ ಊರುಗಳೇ ಆಧಾರ. ತುಮಕೂರು ತುಂಬೆಯ ಗಿಡದಿಂದ ಬಂದಿತೆಂದು ಕೆಲವರು, ತಮಟೆ ಬಾರಿಸಿ ಸಾರುತ್ತಿದ್ದ ಊರೆಂದು ಕೆಲವರು ಹೇಳುವರು. ಕಾರ್ಯ ಒಂದೇ, ಕಾರಣಗಳು ಎರಡು, ಎರಡೂ ಏಕಕಾಲದಲ್ಲಿ ನಿಜವಾಗಿರಲಾರವು. ಕುಣಿಗಲ್ಲು ಶಿವನು ಕುಣಿದ ಕಲ್ಲಂತೆ. ಗುಬ್ಬಿಯ ಸೀಮೆಯ ಐತಿಹ್ಯ ಎಲ್ಲಕ್ಕಿಂತ ಮನೋಹರವಾದುದು: ಅಮರಗೊಂಡದ ಮಲ್ಲಿಕಾರ್ಜುನನ ಸನ್ನಿಧಿಯಲ್ಲಿ ಪುರಾಣಶ್ರವಣ ನಡೆಯುತ್ತಿದ್ದಷ್ಟು ಕಾಲವೂ ಜೋಡಿ ಗುಬ್ಬಿಗಳು ತಪ್ಪದೆ ಬಂದು ಕುಳಿತು ಕೇಳಿ, ಪುರಾಣ ಸಮಾಪ್ತವಾದಾಗ ಅಲ್ಲಿಯೇ ಪ್ರಾಣಬಿಟ್ಟು ಶಿವಸಾಯುಜ್ಯವನ್ನು ಪಡೆದುವಂತೆ. ಈ ಎಲ್ಲ ಕಡೆಗಳಲ್ಲಿಯೂ ಅಲುಗಾಡದೆ ನಿಂತಿರುವುದು ಹೆಸರು, ಅದರ ಸುತ್ತ ಬದಲಾಗುತ್ತಿರುವುದು ಕಥೆ ಎಂಬುದನ್ನು ಗಮನಿಸಬೇಕು. ಅಲುಗದ ವಸ್ತುವನ್ನು ಅಲುಗುವ ವಸ್ತುವಿನ ಸಂತಾನವೆನ್ನುವುದಕ್ಕಿಂತ, ಒಂದು ಹೆಸರಿಗೆ ಎರಡು ಮೂರು ಕಥೆಗಳು ಮಕ್ಕಳಾಗಿ ಹುಟ್ಟಿದುವೆನ್ನುವುದೇ ಲೇಸು.

ಇಲ್ಲಿಗೆ ಸಮಸ್ಯೆ ಪರಿಹಾರವಾಯಿತೆಂದು ಕೈತೊಳೆದುಕೊಳ್ಳುವಂತಿಲ್ಲ. ಹೆಸರಿನಿಂದ ಕಥೆ ಹುಟ್ಟಿತೆಂದು ಒಪ್ಪಿದರೂ, ಆ ಕಥೆಯಿಲ್ಲದಿದ್ದರೆ ಹೆಸರನ್ನು ಇಂದು ಯಾರು ನೆನೆಯುತ್ತಿದ್ದರು? ಕೈದಾಳವನ್ನು ನೋಡಲು ಬರುವವರೆಲ್ಲ ಗೂಳಿಬಾಚಿಗಾಗಿ ಬರುವವರಲ್ಲ. 1964ರಲ್ಲಿ ಬಿ. ಎಸ್. ರಂಗಾ ಅವರು 'ಅಮರಶಿಲ್ಪಿ ಜಕಣಾಚಾರಿ'ಯನ್ನು ತೆರೆಗೆ ತಂದಾಗ ಅದು ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವೆನಿಸಿತು. ಕರ್ನಾಟಕ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಜಕಣಾಚಾರಿಯ ಹೆಸರನ್ನೇ ಇಟ್ಟಿದೆ. ಇದ್ದನೋ ಇಲ್ಲವೋ ಎಂದು ನಿರ್ಣಯಿಸಲಾಗದ ಶಿಲ್ಪಿಯ ಹೆಸರಿನಲ್ಲಿ, ರಕ್ತಮಾಂಸಗಳುಳ್ಳ ಶಿಲ್ಪಿಗಳು ಸನ್ಮಾನಿತರಾಗುತ್ತಾರೆ. ಹೆಸರು ಕಥೆಯನ್ನು ಹೆತ್ತಿತು, ಕಥೆ ಹೆಸರನ್ನು ಸಾಕುತ್ತಿದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ನಮ್ಮ ಗಾದೆಯ ಇಕ್ಕಟ್ಟಿಗೆ ನಾವೂ ಸಿಕ್ಕಿಕೊಂಡೆವೇ?

ಈ ಇಕ್ಕಟ್ಟಿನಿಂದ ಬಿಡಿಸಿಕೊಳ್ಳುವ ಉಪಾಯವನ್ನು ಕೇಳಲು ಹೊರನಾಡಿಗೆ ಹೋಗಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ವಿದ್ವತ್ಸಭೆಗಳಲ್ಲಿ ಪ್ರಖ್ಯಾತರಾಗಿ, 'ಶತಕೋಟಿ'ಯೆಂಬ ವಾದಗ್ರಂಥವನ್ನು ರಚಿಸಿದ ನೈಯಾಯಿಕರು ಕುಣಿಗಲ್ ರಾಮಶಾಸ್ತ್ರಿಗಳು. ಅವರು ಪಾರಂಗತರಾಗಿದ್ದ ನ್ಯಾಯಶಾಸ್ತ್ರ ಇಂಥ ಸುಳಿಗಳನ್ನು ಬಹು ಹಿಂದೆಯೇ ಜಾತಿವಾರು ವಿಂಗಡಿಸಿಟ್ಟಿತ್ತು. ತನಗೆ ತಾನೇ ಆಧಾರವಾಗುವುದು ಆತ್ಮಾಶ್ರಯ. ಎರಡು ವಸ್ತುಗಳು ಒಂದನ್ನೊಂದು ಅವಲಂಬಿಸಿ ನಿಲ್ಲುವುದು ಅನ್ಯೋನ್ಯಾಶ್ರಯ. ಮೂರೋ ನಾಲ್ಕೋ ಸೇರಿ ಸುತ್ತು ಹಾಕಿದರೆ ಚಕ್ರಕ. ಸುತ್ತು ಹಾಕದೆ ಹಿಂದುಹಿಂದಕ್ಕೆ ಓಡುತ್ತಲೇ ಹೋಗಿ ಎಲ್ಲಿಯೂ ನಿಲುಗಡೆ ದೊರೆಯದಿದ್ದರೆ ಅನವಸ್ಥೆ. ಇಷ್ಟಕ್ಕೇ ಬಿಡದೆ ನೈಯಾಯಿಕರು ಮತ್ತೊಂದು ಸೂಕ್ಷ್ಮವನ್ನು ಎತ್ತಿದರು: ಒಂದು ಮತ್ತೊಂದನ್ನು ಆಶ್ರಯಿಸಿದೆಯೆಂದಾಗ, ಆ ಆಶ್ರಯವು ಉತ್ಪತ್ತಿಯಲ್ಲಿಯೋ, ಸ್ಥಿತಿಯಲ್ಲಿಯೋ, ಜ್ಞಪ್ತಿಯಲ್ಲಿಯೋ, ಎಂದರೆ ಹುಟ್ಟಿಗಾಗಿಯೋ, ಇರವಿಗಾಗಿಯೋ, ಅರಿವಿಗಾಗಿಯೋ ಎಂಬುದನ್ನು ಮೊದಲು ಹೇಳಬೇಕು. ಎರಡು ವಸ್ತುಗಳೂ ಹುಟ್ಟಿಗಾಗಿಯೇ ಪರಸ್ಪರ ಕಾದು ಕುಳಿತಿದ್ದರೆ ಎರಡೂ ಎಂದೆಂದಿಗೂ ಹುಟ್ಟಲಾರವು, ಅದು ನಿಜವಾದ ದೋಷ. ಒಂದು ಹುಟ್ಟಿಗಾಗಿ ಇನ್ನೊಂದನ್ನು ಬೇಡಿ, ಆ ಇನ್ನೊಂದು ಉಳಿವಿಗಾಗಿಯೋ ಪರಿಚಯಕ್ಕಾಗಿಯೋ ಮೊದಲನೆಯದನ್ನು ಬೇಡಿದರೆ ಸುತ್ತು ಕೂಡಿಕೊಳ್ಳುವುದೇ ಇಲ್ಲ. ಮನೆತನಗಳಲ್ಲಿ ದಿನವೂ ನಡೆಯುವುದು ಇದೇ, ತಂದೆಯಿಂದ ಮಗನ ಹುಟ್ಟು, ಮಗನಿಂದ ತಂದೆಯ ಮುಪ್ಪಿನ ಪೋಷಣೆ.

ಕೈದಾಳದ ವಿಷಯದಲ್ಲಿ ಈ ಒರೆಗಲ್ಲು ಚೆನ್ನಾಗಿ ಕೆಲಸ ಮಾಡುತ್ತದೆ. ಕಥೆಯ ಉತ್ಪತ್ತಿಗೆ ಹೆಸರು ಕಾರಣ. ಹೆಸರಿನ ಸ್ಥಿತಿಗೂ ಪ್ರಸಿದ್ಧಿಗೂ ಕಥೆ ಕಾರಣ. ಕೇಳುವವನು ಕಥೆಯ ಮೂಲಕ ಹೆಸರನ್ನು ಅರಿಯುವುದರಿಂದ, ಅರಿವಿನಲ್ಲಿ ಮುಂದೆ ಬಂದುದನ್ನೇ ಕಾಲದಲ್ಲಿಯೂ ಮುಂದಿನದೆಂದು ಭಾವಿಸುವನು. ಹೊಗೆಯಿಂದ ಬೆಂಕಿಯನ್ನು ತಿಳಿದವನು, ಹೊಗೆಯೇ ಬೆಂಕಿಯನ್ನು ಹೊತ್ತಿಸಿತೆನ್ನುವಂತಾಗುತ್ತದೆ ಇದು. ಸ್ಥಳಪುರಾಣಗಳ ಬಹುಭಾಗ ಈ ಒಂದು ಜಾರುವಿಕೆಯಿಂದಲೇ ಬೆಳೆದುದೆಂದು ನನ್ನ ನಂಬಿಕೆ, ಅದರಿಂದ ಅವುಗಳ ಸೊಗಸಿಗೆ ಕುಂದಿಲ್ಲವಾದರೂ.

ನಮ್ಮ ವೇದಾಂತಿಗಳು ಈ ಪ್ರಶ್ನೆಯನ್ನು ಊರುಕೇರಿಗಳಿಗೆ ಸೀಮಿತಗೊಳಿಸದೆ ಇಡೀ ಸಂಸಾರಕ್ಕೇ ಹಾಕಿದರು. ಪುಣ್ಯಪಾಪಗಳಿಂದ ದೇಹ, ದೇಹದಿಂದ ಪುಣ್ಯಪಾಪಗಳು. ಇವುಗಳಲ್ಲಿ ಯಾವುದು ಮೊದಲು? ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣದಲ್ಲಿ ಗೌಡಪಾದರು ಈ ವಾದವನ್ನು ಹಿಡಿದು ಅಲುಗಿಸಿ, ಹೇತುವಿಗೆ ಫಲವೂ ಫಲಕ್ಕೆ ಹೇತುವೂ ಮೂಲವೆನ್ನುವವರ ಪಾಲಿಗೆ ಮಗನಿಂದ ತಂದೆ ಹುಟ್ಟಬೇಕಾಗುವುದೆಂದು ಪರಿಹಾಸ ಮಾಡುವರು. ಬೀಜಾಂಕುರದ ದೃಷ್ಟಾಂತವನ್ನು ಯಾರಾದರೂ ಮುಂದೊಡ್ಡಿದರೆ, ಆ ದೃಷ್ಟಾಂತವೇ ಇನ್ನೂ ಸಾಧಿಸಬೇಕಾದುದೆಂದು ಬಾಯಿ ಮುಚ್ಚಿಸುವರು. ಆದರೆ ಅವರ ಪರಂಪರೆಯವರೇ ಆದ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ, ದೇವರು ಜೀವಿಗಳಲ್ಲಿ ಪಕ್ಷಪಾತ ಮಾಡಿದನೆಂಬ ಆಕ್ಷೇಪಕ್ಕೆ ಉತ್ತರ ಕೊಡುವಾಗ, ಸಂಸಾರವು ಅನಾದಿಯಾದುದರಿಂದ ಕರ್ಮವೂ ಸೃಷ್ಟಿಯೂ ಬೀಜಾಂಕುರಗಳಂತೆ ಒಂದಕ್ಕೊಂದು ಹಿಂದಾಗಿ ಬರುತ್ತಿವೆಯೆಂದು ಅದೇ ದೃಷ್ಟಾಂತವನ್ನು ನಿಸ್ಸಂಕೋಚವಾಗಿ ಬಳಸುತ್ತಾರೆ. ಗುರುಪರಂಪರೆಯ ಈ ಒಳಜಗಳದಂಥ ತೋರಿಕೆಗೆ ವ್ಯಾಖ್ಯಾನಕಾರರು ಸಮಾಧಾನ ಹೇಳಿರುವುದುಂಟು. ನಮಗೆ ಬೇಕಾದ ಅಂಶವೆಂದರೆ, ಬೀಜವೃಕ್ಷಗಳ ಒಗಟಿನಲ್ಲಿ ಸುತ್ತೇ ಇಲ್ಲವೆಂಬುದು. ಈ ಬೀಜ ಹುಟ್ಟಿದುದು ಹಳೆಯ ಮರವೊಂದರಿಂದ, ಇದರಿಂದ ಹುಟ್ಟುವುದು ಹೊಸ ಮರ. ಅದೇ ಬೀಜಕ್ಕೆ ಅದೇ ಮರ ತಾಯಿಯೂ ಮಗಳೂ ಅಲ್ಲ. 'ಬೀಜ', 'ಮರ' ಎಂಬ ಜಾತಿವಾಚಕಗಳು ವ್ಯಕ್ತಿಗಳ ಸಾಲನ್ನು ಮರೆಸಿ ಚಕ್ರದ ಭ್ರಮೆಯನ್ನು ತರುತ್ತವೆ. ಅಲ್ಲಿರುವುದು ಅನವಸ್ಥೆ ಮಾತ್ರ, ಅದೂ ಕಣ್ಣೆದುರಿಗೆ ಕಾಣುವ ಅನವಸ್ಥೆ. ಆದುದರಿಂದ ಅದು ದೋಷವಲ್ಲವೆಂದು ನೈಯಾಯಿಕರ ತೀರ್ಪು.

ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿತ್ತೋ, ಇಲ್ಲದುದೇ ಹೊಸದಾಗಿ ಹುಟ್ಟಿತೋ ಎಂಬ ಸಾಂಖ್ಯ-ನ್ಯಾಯಗಳ ಪುರಾತನ ಕಲಹಕ್ಕೆ ಮಣ್ಣು ಮಡಕೆಗಳೇ ಸಾಕ್ಷಿಗಳಾಗಿ ಬರುತ್ತವೆ. ಕೈದಾಳದ ನೆರೆಯ ಗೂಳೂರಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿಯಿದೆ. ಅಲ್ಲಿ ಗಣೇಶನ ಚೌತಿಯಂದು, ಉಳಿದ ಊರುಗಳಲ್ಲಿ ಪೂಜೆಯೇ ನಡೆಯುತ್ತಿರುವಾಗ, ಕೆರೆಯ ಮಣ್ಣಿನಿಂದ ಮಹಾಗಣಪತಿಯನ್ನು ಮಾಡುವ ಕೆಲಸ ಇನ್ನೂ ಆರಂಭವಾಗುವುದು. ದೀಪಾವಳಿಯ ವೇಳೆಗೆ ಮೂರ್ತಿ ಸಿದ್ಧವಾಗಿ, ಕಾರ್ತಿಕದಲ್ಲಿ ಪೂಜೆಗೊಂಡು, ಬಳಿಕ ನೀರಿನಲ್ಲಿ ಕರಗುವುದು. ಗಣಪತಿ ಮಣ್ಣಿನೊಳಗೆ ಅವ್ಯಕ್ತನಾಗಿ ಇದ್ದೇ ಇದ್ದ, ಕೈಗಳು ಅವನನ್ನು ಹೊರತೆಗೆದುವಷ್ಟೆ ಎಂದು ಸಾಂಖ್ಯನೂ, ಹಾಗಿದ್ದಲ್ಲಿ ಕೆರೆಯಂಗಳಕ್ಕೇ ನೈವೇದ್ಯವಿಡಬಹುದಾಗಿತ್ತಲ್ಲ ಎಂದು ನೈಯಾಯಿಕನೂ ವಾದಿಸುವುದನ್ನು ಕಲ್ಪಿಸಿಕೊಳ್ಳಬಹುದು. ನನಗೆ ಈ ವಿಷಯದಲ್ಲಿ ನೈಯಾಯಿಕನ ಪಕ್ಷ.

ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಲೋಕಪ್ರಸಿದ್ಧ ಪ್ರಶ್ನೆಯನ್ನು ಗ್ರೀಕರ ಪ್ಲೂಟಾರ್ಕನು ಭೋಜನಕೂಟದ ಚರ್ಚೆಯೊಂದರ ವಿಷಯವಾಗಿ ಎತ್ತಿಕೊಂಡಿದ್ದನು. ಇಂದಿನ ಜೀವವಿಜ್ಞಾನಕ್ಕೆ ಅದು ಅಷ್ಟೇನೂ ಕಠಿಣವಲ್ಲ. ನೆಲದ ಮೇಲೆ ಮರಿ ಮಾಡಬಲ್ಲ ಮೊಟ್ಟೆಗಳು ಮೂಡಿ ಸುಮಾರು 30 ಕೋಟಿ ವರ್ಷಗಳಾದುವು. ಹಕ್ಕಿಗಳೆಂಬ ವರ್ಗ ಕಾಣಿಸಿಕೊಂಡು ಸುಮಾರು 15 ಕೋಟಿ. ಮನೆಯ ಕೋಳಿಯಂತೂ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿಯನ್ನು ಕೆಲವೇ ಸಹಸ್ರ ವರ್ಷಗಳ ಹಿಂದೆ ಪಳಗಿಸಿದುದರ ಫಲ. ಮೊಟ್ಟೆಯೆಂದರೆ ಯಾವುದಾದರೂ ಮೊಟ್ಟೆಯೆಂದಾದಲ್ಲಿ ಮೊಟ್ಟೆಯೇ ಮೊದಲು. ಕೋಳಿಯ ಮೊಟ್ಟೆಯೆಂದು ಹಿಡಿದರೆ, ಇದು ಕಾಡುಕೋಳಿ, ಇದು ಮನೆಕೋಳಿ ಎಂದು ಗೆರೆಯೆಳೆಯಬಹುದಾದ ತಲೆಮಾರೇ ಇಲ್ಲವಾಗಿ ಪ್ರಶ್ನೆ ಕೈಯಿಂದ ಜಾರಿಹೋಗುತ್ತದೆ. ಒಂದು ವಿನೋದದ ಸಂಗತಿ: ಕೋಳಿಗಳ ಹಳದಿಯ ಕಾಲಿಗೆ ಕಾರಣವಾದ ವಂಶಗುಣ ಆ ಕೆಂಪು ಪೂರ್ವಜನಿಂದ ಬಂದುದಲ್ಲ, ನಮ್ಮ ದಕ್ಷಿಣದ ಕಾಡುಗಳ ಬೂದು ಕಾಡುಕೋಳಿಯಿಂದ ನಡುದಾರಿಯಲ್ಲಿ ಸೇರಿಕೊಂಡುದೆಂದು 2008ರಲ್ಲಿ ತಿಳಿದುಬಂದಿತು. ಮೂಲವನ್ನು ಒಂದೇ ಎಂದು ಹುಡುಕುವವರಿಗೆ ಅದೂ ಎರಡಾಗಿ ಒಡೆಯುತ್ತದೆ.

ಪರಸ್ಪರ ಕಾರಣತ್ವವೆಲ್ಲ ಭ್ರಮೆಯೆಂಬ ಅಭಿಪ್ರಾಯಕ್ಕೆ ಓದುಗರು ಬರಬಾರದು. ಕುಣಿಗಲ್ಲಿನ ಕೆರೆಯನ್ನೇ ನೋಡಿ: ಊರಿದ್ದುದರಿಂದ ಜನ ಕೂಡಿ ಕೆರೆಗೆ ಮಣ್ಣು ಹೊತ್ತರು, ಕೆರೆಯಿದ್ದುದರಿಂದ ಗದ್ದೆ ತೋಟಗಳಾಗಿ ಊರು ಬೆಳೆಯಿತು, ಬೆಳೆದ ಊರು ಏರಿಯನ್ನು ಮತ್ತೆ ಎತ್ತರಿಸಿತು, ನಮ್ಮ ಬಯಲುಸೀಮೆಯ ಎಷ್ಟೋ ಊರುಕೆರೆಗಳ ಸಂಬಂಧ ಈ ಬಗೆಯದು. ಅದೇ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ, ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಬರುವ ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಜಲಾಶಯವೊಂದಿದೆ. ಅದರ ಸ್ವಯಂಚಾಲಿತ ಸೈಫನ್ನುಗಳು ಈ ತತ್ತ್ವದ ಕಣ್ಣಾರೆ ಕಾಣುವ ನಿದರ್ಶನ. ಕಾವಲುಗಾರನು ಬಾಗಿಲೆತ್ತುವ ಅಗತ್ಯವಿಲ್ಲದೆ, ಜಲಾಶಯದ ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ಸೈಫನ್ನಿನ ಗುಮ್ಮಟದಡಿ ನುಸುಳಿ ಕೊಳವೆಗೆ ಇಳಿಯತೊಡಗುತ್ತದೆ; ಇಳಿಯುವ ನೀರು ಗುಮ್ಮಟದೊಳಗಿನ ಗಾಳಿಯನ್ನು ತನ್ನೊಡನೆ ಎಳೆದೊಯ್ಯುತ್ತದೆ; ಗಾಳಿ ಕಡಮೆಯಾದಂತೆ ಒಳಗಿನ ಒತ್ತಡ ತಗ್ಗಿ ಮತ್ತಷ್ಟು ನೀರು ಮೇಲೇರಿ ಬರುತ್ತದೆ; ಹೆಚ್ಚಿದ ನೀರು ಮತ್ತಷ್ಟು ಗಾಳಿಯನ್ನು ಒಯ್ಯುತ್ತದೆ. ನೀರಿನ ರಭಸಕ್ಕೆ ಗಾಳಿಯ ಅಭಾವವೂ, ಗಾಳಿಯ ಅಭಾವಕ್ಕೆ ನೀರಿನ ರಭಸವೂ ಕಾರಣವಾಗಿ, ಸ್ವಲ್ಪ ಹೊತ್ತಿನಲ್ಲಿಯೇ ಕೊಳವೆ ತುಂಬಿ ಭೋರ್ಗರೆಯುತ್ತದೆ. ಇಲ್ಲಿ ದೋಷವೇಕಿಲ್ಲವೆಂದರೆ, ಈ ಕ್ಷಣದ ನೀರು ಮುಂದಿನ ಕ್ಷಣದ ಗಾಳಿಯನ್ನು ನಿರ್ಧರಿಸುತ್ತದೆಯೇ ಹೊರತು ಹಿಂದಿನ ಕ್ಷಣದ್ದನ್ನಲ್ಲ. ಬೀಜವೃಕ್ಷಗಳ ಸಾಲು ವರ್ಷಗಳಲ್ಲಿ ಹರಡಿಕೊಂಡಿದ್ದರೆ ಇದು ಗಳಿಗೆಗಳಲ್ಲಿ ಹರಡಿಕೊಂಡಿದೆ.

ನಿಜವಾದ ಉಪದ್ರವ ಆರಂಭವಾಗುವುದು ಕಾಲವೇ ಹಿಂದಕ್ಕೆ ಮಡಿಸಿಕೊಂಡಾಗ. 1943ರಲ್ಲಿ ಫ್ರೆಂಚ್ ಕಾದಂಬರಿಕಾರ ರೆನೆ ಬಾರ್ಜಾವೆಲ್ ಕಾಲಯಾತ್ರಿಕನೊಬ್ಬನನ್ನು ಹಿಂದಕ್ಕೆ ಕಳುಹಿಸಿ ಅವನ ಪೂರ್ವಜನನ್ನು ಅವನಿಂದಲೇ ಕೊಲ್ಲಿಸಿದನು. ಪೂರ್ವಜ ಸತ್ತರೆ ಕೊಂದವನು ಹುಟ್ಟಲಿಲ್ಲ, ಹುಟ್ಟದವನು ಕೊಲ್ಲಲಿಲ್ಲ, ಕೊಲ್ಲದಿದ್ದರೆ ಹುಟ್ಟಿದನು. ಇದನ್ನು ಕಥೆಗಾರರ ಹುಚ್ಚಾಟವೆಂದು ತಳ್ಳಿಹಾಕದಂತೆ 1949ರಲ್ಲಿ ತರ್ಕವಿದ ಕುರ್ಟ್ ಗೋಡೆಲ್, ಐನ್‌ಸ್ಟೈನರ ಸಮೀಕರಣಗಳಿಗೆ ಒಳಪಟ್ಟೇ ಕಾಲವು ಸುತ್ತಿ ತನ್ನಲ್ಲಿಗೇ ಮರಳುವಂಥ, ಒಟ್ಟಾರೆ ತಿರುಗುತ್ತಿರುವ ವಿಶ್ವವೊಂದನ್ನು ಗಣಿತದಲ್ಲಿ ಕಟ್ಟಿ ತೋರಿಸಿದನು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಲಕ್ಷಣಗಳಿಲ್ಲ. ಮುಂದೆ ರಷ್ಯದ ಇಗೋರ್ ನೊವಿಕೋವ್, ಅಂಥ ಸುತ್ತುಗಳಿದ್ದರೂ ಅಲ್ಲಿ ಪರಸ್ಪರ ಹೊಂದಿಕೊಳ್ಳುವ ಘಟನೆಗಳು ಮಾತ್ರ ನಡೆಯುವುವು, ಅಜ್ಜನನ್ನು ಕೊಲ್ಲಹೋದವನ ಗುರಿ ಹೇಗಾದರೂ ತಪ್ಪುವುದೆಂದು ಪ್ರತಿಪಾದಿಸಿದನು. ಆದರೆ ಹೊಂದಿಕೆಯಾಗುವ ಸುತ್ತೂ ಕಡಮೆ ವಿಚಿತ್ರವಲ್ಲ. ಜಕಣಾಚಾರಿಯ ಕಥೆಯನ್ನು ಪುಸ್ತಕದಲ್ಲಿ ಓದಿದ ತುಮಕೂರಿನವನೊಬ್ಬನು ಕಾಲದಲ್ಲಿ ಹಿಂದಕ್ಕೆ ಹೋಗಿ, ಕ್ರೀಡಾಪುರದವರಿಗೆ ಅದನ್ನು ಹೇಳಿ, ಅವರು ಅದನ್ನೇ ಮಕ್ಕಳುಮೊಮ್ಮಕ್ಕಳಿಗೆ ದಾಟಿಸಿ, ಆ ಬಾಯಿಮಾತೇ ಮುಂದೆ ಪುಸ್ತಕವಾಯಿತೆಂದುಕೊಳ್ಳೋಣ. ಎಲ್ಲಿಯೂ ವಿರೋಧವಿಲ್ಲ, ಪ್ರತಿಯೊಬ್ಬನೂ ಕಥೆಯನ್ನು ಮತ್ತೊಬ್ಬನಿಂದಲೇ ಕೇಳಿದ್ದಾನೆ, ಆದರೂ ಅದನ್ನು ಕಟ್ಟಿದವನು ಯಾರೆಂದರೆ ಯಾರೂ ಅಲ್ಲ. ಉತ್ಪತ್ತಿಯಲ್ಲಿಯೇ ಆತ್ಮಾಶ್ರಯವೆಂದು ನೈಯಾಯಿಕರು ದೂಷಿಸುವುದು ಇಂಥದನ್ನೇ.

ಕಾಲಯಂತ್ರವಿಲ್ಲದಿದ್ದರೂ ಜನರ ನೆನಪಿನಲ್ಲಿ ಮಾತ್ರ ಇದಕ್ಕೆ ಹತ್ತಿರದ ಕೆಲಸ ಸಲೀಸಾಗಿ ನಡೆಯುತ್ತಿರುತ್ತದೆ. ಗುಬ್ಬಿಯಲ್ಲಿ 1884ರಲ್ಲಿ ಊರವರು ಸೇರಿ ಚನ್ನಬಸವೇಶ್ವರನ ಹೆಸರಿನಲ್ಲಿ ಸ್ಥಾಪಿಸಿದ ನಾಟಕಮಂಡಲಿಗೆ ಬಾಲಕನಾಗಿ ಸೇರಿ, ಮುಂದೆ ಅದರ ಒಡೆಯರೇ ಆಗಿ, ಆನೆ ಕುದುರೆಗಳನ್ನು ರಂಗಕ್ಕೆ ತಂದು ದಕ್ಷಿಣ ದೇಶದಲ್ಲೆಲ್ಲ ಹೆಸರಾದವರು ವೀರಣ್ಣನವರು. ಊರು ಅವರಿಗೆ ಹೆಸರನ್ನು ಕೊಟ್ಟಿತು. ಆದರೆ ಗುಬ್ಬಿಯನ್ನು ಕಣ್ಣಿನಿಂದ ಕಾಣದ ಧಾರವಾಡದ, ಮಂಗಳೂರಿನ ಅಸಂಖ್ಯ ಕನ್ನಡಿಗರಿಗೆ ಗುಬ್ಬಿ ಎಂದೊಡನೆ ನೆನಪಿಗೆ ಬರುತ್ತಿದ್ದುದು ಊರಲ್ಲ, ಕಂಪೆನಿ. ಗುಬ್ಬಿ ಎಂಬುದು ವೀರಣ್ಣನವರ ಮನೆತನದ ಹೆಸರೆಂದೇ ಭಾವಿಸಿದವರೂ ಅವರೊಳಗೆ ಇದ್ದಿರಬೇಕು. ಇನ್ನು ಐದಾರು ಶತಮಾನಗಳು ಉರುಳಿದ ಮೇಲೆ, ಆ ಮಹಾನಟನ ಗೌರವಾರ್ಥವಾಗಿಯೇ ಊರಿಗೆ ಗುಬ್ಬಿಯೆಂಬ ಹೆಸರನ್ನಿಟ್ಟರೆಂದು ಯಾರಾದರೂ ಸ್ಥಳಪುರಾಣವನ್ನು ಬರೆದರೆ, ಅದನ್ನು ಖಂಡಿಸಲು ಹೊರಟ ಪಂಡಿತನು 'ಭಾವಚಿಂತಾರತ್ನ'ವನ್ನು ಬಿಚ್ಚಿ, ಗುಬ್ಬಿಯ ಮಲ್ಲಣಾರ್ಯನು ಅದನ್ನು ಮುಗಿಸಿದುದು 1513ರಲ್ಲಿ, ವೀರಣ್ಣನವರು ಹುಟ್ಟಿದುದು 1891ರಲ್ಲಿ ಎಂದು ತೋರಿಸಬೇಕಾದೀತು. ಆಗಲೂ ಸಭೆಯ ಅರ್ಧಭಾಗವಾದರೂ ಪುರಾಣದ ಕಡೆಗೇ ಇರುವುದರಲ್ಲಿ ಸಂದೇಹವಿಲ್ಲ.